ಆಕಾಶವಾಣಿ, ದೂರದರ್ಶನದ ಸುದ್ದಿಯನ್ನು ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಒಪ್ಪಬಹುದು?

ತುಂಗಾತೀರ, ಶಿವಮೊಗ್ಗ

ಜಿಲ್ಲೆಯ ಇತ್ತೀಚಿನ ವರ್ಷಗಳ ಘಟನಾವಳಿಯನ್ನು ಬರೆದಿಡುವ ಕೆಲಸಕ್ಕೆ ನಾವು ಕೆಲವರು ಕೈಹಾಕಿರುವುದು ಇಲ್ಲಿನ ಹಲವರಿಗೆ ತಿಳಿದಿದೆ. ಯಾವ ಮೂಲವನ್ನು ನಂಬಬೇಕು ಎಂಬ ಪ್ರಶ್ನೆ ಬಂದಾಗ ಹೆಚ್ಚು ವಾದವಾದದ್ದು ಆಕಾಶವಾಣಿ ಮತ್ತು ದೂರದರ್ಶನದ ಬಗ್ಗೆ. ‘ಸರ್ಕಾರದ ತುತ್ತೂರಿ, ಅದನ್ನು ಪಟ್ಟಿಯಿಂದಲೇ ತೆಗೆಯಿರಿ’ ಎಂದು ಅರ್ಧ ಮಂದಿ ಹೇಳಿದರೆ, ‘ಇಡೀ ದಿನ ಕೂಗಾಡುವ ವಾಹಿನಿಗಳಿಗಿಂತ ಹತ್ತು ನಿಮಿಷದ ಪ್ರದೇಶ ಸಮಾಚಾರವೇ ಮೇಲು’ ಎಂದು ಉಳಿದರ್ಧ ಮಂದಿ ಹೇಳಿದರು. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಎರಡೂ ಒಂದೇ ತಪ್ಪು ಗ್ರಹಿಕೆಯಿಂದ ಹೊರಟಿವೆ ಎಂದು ನನಗನ್ನಿಸುತ್ತದೆ. ಒಂದು ಸಂಸ್ಥೆಗೆ ಒಟ್ಟಾರೆಯಾಗಿ ಒಂದು ಅಂಕ ಕೊಟ್ಟು ಮುಗಿಸಬಹುದು ಎಂಬುದೇ ಆ ಗ್ರಹಿಕೆ.

ಮೊದಲು ಹಣದ ಮತ್ತು ಅಧಿಕಾರದ ವಿಚಾರ. ಆಕಾಶವಾಣಿ, ದೂರದರ್ಶನ ಎರಡನ್ನೂ ಒಂದು ಸ್ವಾಯತ್ತ ಸಂಸ್ಥೆಯ ಕೈಗೆ ಕೊಡುವ ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಆಯಿತು, ಜಾರಿಗೆ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. ಈ ಏಳು ವರ್ಷಗಳ ವಿಳಂಬವೇ ಯಾವ ಪಕ್ಷಕ್ಕೂ ಈ ಸ್ವಾಯತ್ತತೆಯ ಮೇಲೆ ಎಷ್ಟು ಪ್ರೀತಿ ಇತ್ತೆಂಬುದನ್ನು ಹೇಳುತ್ತದೆ. ಅದಕ್ಕೂ ಮುಂಚೆ 1966ರಲ್ಲಿ ಚಂದಾ ಸಮಿತಿ, 1978ರಲ್ಲಿ ವರ್ಗೀಸ್ ಸಮಿತಿ ಸರ್ಕಾರದ ಹಿಡಿತ ತಪ್ಪಿಸಬೇಕೆಂದು ಶಿಫಾರಸು ಮಾಡಿದ್ದವು. 1995ರಲ್ಲಿ ಸುಪ್ರೀಂ ಕೋರ್ಟ್ ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ತರಂಗಾಂತರಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪಿತ್ತಿತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಸಿಬ್ಬಂದಿಯ ಸಂಬಳ ಬರುವುದು ಕೇಂದ್ರದ ಬೊಕ್ಕಸದಿಂದ. ಮಂಡಳಿಯ ಅಧ್ಯಕ್ಷರನ್ನು ಉಪರಾಷ್ಟ್ರಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಮತ್ತು ರಾಷ್ಟ್ರಪತಿಯವರ ಒಬ್ಬ ಪ್ರತಿನಿಧಿ ಸೇರಿ ಆರಿಸುತ್ತಾರೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಕೇಂದ್ರ ಸರ್ಕಾರ ನಿರ್ದೇಶನ ಕೊಡಬಹುದು ಎಂದೂ ಅದೇ ಕಾಯಿದೆ ಹೇಳುತ್ತದೆ. ನಿಗಾ ಇಡಲು 22 ಸಂಸದರ ಸಮಿತಿಯೊಂದು ಇರಬೇಕೆಂದು ಕಾಯಿದೆಯಲ್ಲಿ ಬರೆದಿದೆ. ಆ ಸಮಿತಿಯ ಹೆಸರನ್ನು ನೀವು ಯಾವತ್ತಾದರೂ ಸುದ್ದಿಯಲ್ಲಿ ಕೇಳಿದ್ದೀರಾ?

ಇಷ್ಟರ ಮೇಲೂ ನನ್ನ ನಿಲುವೇನೆಂದರೆ, ಸುದ್ದಿಯ ವಿಷಯಕ್ಕೂ ಸಂಬಳ ಕೊಡುವವನಿಗೂ ಎಷ್ಟು ದೂರ ಎಂಬುದನ್ನು ಅಳೆದು ಅದರಂತೆ ನಂಬಿಕೆಯನ್ನು ಹಂಚಬೇಕು. ಲಿಂಗನಮಕ್ಕಿಯ ನೀರಿನ ಮಟ್ಟ ಎಷ್ಟು ಅಡಿ, ಆಗುಂಬೆಯಲ್ಲಿ ಎಷ್ಟು ಮಳೆ, ಮಂಗನ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆ ಏನು ಹೇಳಿತು ಎಂಬಲ್ಲಿ ಅನುಮಾನಕ್ಕೆ ಕಾರಣ ಕಡಿಮೆ. ಕೇಂದ್ರದ ಯೋಜನೆಯೊಂದು ಫಲಿಸಿತೇ ಎಂಬಲ್ಲಿ ಅದೇ ಧ್ವನಿ, ಅದೇ ಗಾಂಭೀರ್ಯ, ಅದೇ ಸ್ಪಷ್ಟ ಉಚ್ಚಾರಣೆ ಇದ್ದರೂ ನಂಬಿಕೆಯ ತೂಕ ಬೇರೆ. ಎರಡನೆಯದಾಗಿ, ಈ ಸಂಸ್ಥೆಗಳ ಪಕ್ಷಪಾತವು ಎಡ, ಬಲ ಎಂಬ ಅಳತೆಗೋಲಿಗೆ ಸಿಗುವಂಥದ್ದಲ್ಲ. ಅದು ಅಧಿಕಾರದಲ್ಲಿರುವವರ ಕಡೆಗೆ ವಾಲುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಒಂದು ಪಕ್ಷಕ್ಕೆ ವಾಲಿದ್ದು 1977ರ ಮಾರ್ಚ್ ನಂತರ ಬೇರೆ ಕಡೆಗೆ ತಿರುಗಿತು. ಆದ್ದರಿಂದ ಮಾಧ್ಯಮಗಳನ್ನು ‘ಎಡದಿಂದ ಬಲಕ್ಕೆ’ ಜೋಡಿಸಿ ಅಂತರಜಾಲದಲ್ಲಿ ಹಾಕಿರುವ ಪಟ್ಟಿಗಳನ್ನು ನಮ್ಮ ಕೆಲಸಕ್ಕೆ ಹಾಗೆಯೇ ಎತ್ತಿಕೊಳ್ಳುವುದು ಬೇಡ ಎನ್ನುತ್ತೇನೆ.

ತೋಟದ ಬದಿಯವನು, ತೀರ್ಥಹಳ್ಳಿ

ಭದ್ರಾವತಿ ಆಕಾಶವಾಣಿ ಕೇಂದ್ರ 1965ರಲ್ಲಿ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಅದನ್ನು ಕೇಳುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವ ಪ್ರಮಾಣದಲ್ಲಿ, ಮಳೆ ಹಿಡಿಯುವ ಮೊದಲು ಯಾವಾಗ ಹೊಡೆಯಬೇಕು ಎಂಬುದನ್ನು ನಮ್ಮಲ್ಲಿ ಅನೇಕರು ಕಲಿತದ್ದು ಅಲ್ಲಿನ ಕೃಷಿ ಕಾರ್ಯಕ್ರಮಗಳಿಂದಲೇ. ಪೇಟೆಧಾರಣೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಬಗೆಬಗೆಗೆ ಓದಿದ ದರಕ್ಕೂ ಮಂಡಿಯಲ್ಲಿ ಸಿಕ್ಕ ದರಕ್ಕೂ ವ್ಯತ್ಯಾಸ ಇರುತ್ತಿದ್ದದ್ದು ನಿಜ. ಆದರೆ ಅದು ಮಾಲಿನ ಗುಣಮಟ್ಟದ ವ್ಯತ್ಯಾಸ, ಸುಳ್ಳಲ್ಲ.

ಆದರೆ ತುಂಗಾತೀರ ಅವರು ಬಿಟ್ಟ ಒಂದು ಎಳೆ ಇದೆ. ದರ ಎಷ್ಟು ಎಂಬುದು ಸರ್ಕಾರದಿಂದ ದೂರದ ವಿಷಯವೇ ಇರಬಹುದು; ಆ ದರ ಯಾಕೆ ಬಿತ್ತು ಎಂದು ಕೇಳಿದ ಕೂಡಲೇ ಅದು ಆಮದು ನೀತಿಯ ಪ್ರಶ್ನೆಯಾಗುತ್ತದೆ, ಕನಿಷ್ಠ ಆಮದು ಬೆಲೆ ನಿಗದಿ ಮಾಡಿದವರ ಪ್ರಶ್ನೆಯಾಗುತ್ತದೆ, ಅಂದರೆ ಸಂಬಳ ಕೊಡುವವನ ಬಾಗಿಲಿಗೇ ಬಂದು ನಿಲ್ಲುತ್ತದೆ. ಎಲೆಚುಕ್ಕೆ ರೋಗಕ್ಕೂ ಹಾಗೆಯೇ. ರೋಗ ಹೇಗೆ ಹರಡುತ್ತದೆ ಎಂಬುದನ್ನು ರೇಡಿಯೊ ಚೆನ್ನಾಗಿ ಹೇಳುತ್ತದೆ, ಸಂಶೋಧನೆಗೆ ಹಣ ಯಾಕೆ ತಡವಾಯಿತು ಎಂದು ಕೇಳುವ ಕಾರ್ಯಕ್ರಮವನ್ನು ನಾನಂತೂ ನಿರೀಕ್ಷಿಸುವುದಿಲ್ಲ. ಹಾಗಾಗಿ ಅಳೆಯಬೇಕಾದದ್ದು ವಿಷಯವನ್ನಲ್ಲ, ಪ್ರಶ್ನೆಯನ್ನು.

ಸುದ್ದಿಮನೆಯಿಂದ, ಶಿವಮೊಗ್ಗ

ಪತ್ರಿಕೆಯಲ್ಲಿ ಕೆಲಸ ಮಾಡುವವನಾಗಿ ಎರಡು ಮಾತು ಹೇಳಬೇಕಿದೆ, ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ.

ಒಂದು, ಬಿಟ್ಟುಹೋದ ಸುದ್ದಿಯನ್ನೆಲ್ಲ ಪಕ್ಷಪಾತದ ಲೆಕ್ಕಕ್ಕೆ ಬರೆಯಬೇಡಿ. 31 ಜಿಲ್ಲೆಗಳ ರಾಜ್ಯಕ್ಕೆ ಹತ್ತು ನಿಮಿಷದ ವಾರ್ತೆ. ಜಿಲ್ಲೆಯಿಂದ ಸುದ್ದಿ ಕಳಿಸುವವರು ಬಹುಮಟ್ಟಿಗೆ ಅರೆಕಾಲಿಕ ಬಾತ್ಮೀದಾರರು, ಅವರ ಕೈಗೆ ಸುಲಭವಾಗಿ ಸಿಗುವುದು ವಾರ್ತಾ ಇಲಾಖೆಯ ಪ್ರಕಟಣೆ. ಸಚಿವರು ಚಾಲನೆ ನೀಡಿದರು, ಜಿಲ್ಲಾಧಿಕಾರಿ ಸೂಚಿಸಿದರು ಎಂಬ ಸಾಲುಗಳು ತುಂಬಿಕೊಳ್ಳುವುದಕ್ಕೆ ಪಿತೂರಿ ಬೇಕಿಲ್ಲ, ಜನ ಕಡಿಮೆ ಇದ್ದರೆ ಸಾಕು. ಜೊತೆಗೆ 1970ರಿಂದ ಪಾಲಿಸಿಕೊಂಡು ಬಂದಿರುವ ಆಕಾಶವಾಣಿ ಸಂಹಿತೆಯೊಂದಿದೆ. ಮಿತ್ರರಾಷ್ಟ್ರಗಳ ಟೀಕೆ, ಹೆಸರು ಹಿಡಿದು ರಾಜಕೀಯ ಪಕ್ಷದ ಮೇಲೆ ದಾಳಿ, ಕೇಂದ್ರ ಅಥವಾ ಯಾವುದೇ ರಾಜ್ಯದ ಬಗ್ಗೆ ದ್ವೇಷಪೂರಿತ ಟೀಕೆ ಇವೆಲ್ಲ ಅದರಲ್ಲಿ ನಿಷಿದ್ಧ. ಅಂದರೆ ಮೌನದ ಒಂದು ಭಾಗ ನಿಯಮದಲ್ಲೇ ಬರೆದಿಟ್ಟದ್ದು.

ಎರಡು, ‘ಅಧಿಕಾರದಲ್ಲಿರುವವರ ಕಡೆಗೆ ಮಾತ್ರ ವಾಲುತ್ತದೆ, ಸಿದ್ಧಾಂತದ ಕಡೆಗಲ್ಲ’ ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಹಳೆಯ ಪಟ್ಟಿ ಎಲ್ಲರಿಗೂ ಗೊತ್ತಿದೆ: 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಬಿಬಿಸಿ ಗಂಟೆಗಳ ಮೊದಲೇ ಹೇಳಿತ್ತು, ಆಕಾಶವಾಣಿ ಸಂಜೆಯವರೆಗೆ ಕಾಯಿತು. 2014ರ ಚುನಾವಣೆಯ ಹೊತ್ತಿನಲ್ಲಿ ಆಗಿನ್ನೂ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರ ಸಂದರ್ಶನವನ್ನು ದೂರದರ್ಶನ ಕತ್ತರಿಸಿ ತೋರಿಸಿತೆಂಬ ವಿವಾದವೂ ಆಯಿತು. ಇಲ್ಲಿಯವರೆಗೆ ನಿಮ್ಮ ವಾದ ಸರಿಹೊಂದುತ್ತದೆ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಆರ್‌ಎಸ್‌ಎಸ್ ಮುಖ್ಯಸ್ಥರ ವಿಜಯದಶಮಿ ಭಾಷಣವನ್ನು ದೂರದರ್ಶನ ನೇರಪ್ರಸಾರ ಮಾಡಿತು. ಅವರು ಸರ್ಕಾರದ ಯಾವ ಹುದ್ದೆಯಲ್ಲೂ ಇರಲಿಲ್ಲ. 2017ರ ಆಗಸ್ಟಿನಲ್ಲಿ ತ್ರಿಪುರಾದ ಅಂದಿನ ಸಿಪಿಎಂ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣ ಪ್ರಸಾರವಾಗಲಿಲ್ಲ. 2023ರಲ್ಲಿ ಪ್ರಸಾರ ಭಾರತಿ ಆರ್‌ಎಸ್‌ಎಸ್ ನಂಟಿನ ಹಿಂದೂಸ್ಥಾನ್ ಸಮಾಚಾರ್ ಸುದ್ದಿಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. 2024ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಗಳಿಗೆ ಕೊಡುವ ಉಚಿತ ಸಮಯದ ಭಾಷಣದಿಂದ ಸಿಪಿಎಂನ ಸೀತಾರಾಂ ಯೆಚೂರಿಯವರು ಕೆಲವು ಪದಗಳನ್ನು ಬಿಡಬೇಕಾಯಿತು. ಡಿಡಿ ನ್ಯೂಸ್ ಲಾಂಛನ ಕೇಸರಿಯಾದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಣ್ಣಕ್ಕಿಂತ ಕಚ್ಚಾ ಸುದ್ದಿ ಎಲ್ಲಿಂದ ಬರುತ್ತದೆ ಎಂಬುದು ಹೆಚ್ಚು ಮುಖ್ಯ.

ನಿವೃತ್ತ ಕಾರ್ಮಿಕ, ಭದ್ರಾವತಿ

ನಮ್ಮೂರಿಗೆ ಬನ್ನಿ, ಈ ‘ದೂರ’ ಎಂಬುದನ್ನು ಕಣ್ಣಾರೆ ಅಳೆಯಬಹುದು. ಒಂದೇ ಪಟ್ಟಣದಲ್ಲಿ ಕೇಂದ್ರದ ರೇಡಿಯೊ ನಿಲಯವಿದೆ, ಕೇಂದ್ರ ಸರ್ಕಾರದ ಉದ್ದಿಮೆಯಾದ ಸೈಲ್‌ನ ಒಡೆತನದ ವಿಐಎಸ್ಎಲ್ ಕಬ್ಬಿಣ, ಉಕ್ಕಿನ ಕಾರ್ಖಾನೆಯೂ ಇದೆ. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ಹೊರಟ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು 2023ರ ಜನವರಿಯಲ್ಲಿ ಸೈಲ್ ಪ್ರಕಟಿಸಿತು. ಗುತ್ತಿಗೆ ಕಾರ್ಮಿಕರು ದ್ವಾರದ ಮುಂದೆ ಧರಣಿ ಕೂತರು. ಮರುತಿಂಗಳು, ಫೆಬ್ರವರಿ 27ರಂದು, ಪ್ರಧಾನಿಯವರು ಶಿವಮೊಗ್ಗದ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಆ ವರ್ಷವೇ ಆಗಸ್ಟಿನಲ್ಲಿ ಕಾರ್ಖಾನೆಯಲ್ಲಿ ಕಂಬಿ ಉತ್ಪಾದನೆ ಮತ್ತೆ ಸ್ವಲ್ಪ ಆರಂಭವಾಯಿತು.

ಈ ಮೂರು ಘಟನೆಗಳ ಬಗ್ಗೆ ಯಾವ ವಾರ್ತೆಯಲ್ಲಿ ಏನು ಬಂತು ಎಂದು ನೆನಪಿನ ಮೇಲೆ ಆರೋಪ ಮಾಡಲು ನಾನು ಸಿದ್ಧನಿಲ್ಲ, ಯಾರೂ ಮಾಡಬಾರದು. ಆದರೆ ಸಂಸ್ಥೆಯೊಂದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಮುಚ್ಚುವವನು ಕೇಂದ್ರ, ಉದ್ಘಾಟಿಸುವವನು ಕೇಂದ್ರ, ಮತ್ತೆ ತೆರೆಯುವವನು ಕೇಂದ್ರ, ಸುದ್ದಿ ಹೇಳುವವನಿಗೆ ಸಂಬಳ ಕೊಡುವವನೂ ಕೇಂದ್ರ. ಮುಚ್ಚುವ ಸುದ್ದಿಯಲ್ಲಿ ಆಡಳಿತದ ಕಾರಣ ಮಾತ್ರ ಬಂತೇ, ಅಥವಾ ಕಬ್ಬಿಣದ ಅದಿರಿಗೆ ಸ್ವಂತ ಗಣಿ ಇಲ್ಲದೆ ಕಾರ್ಖಾನೆ ಸೊರಗಿತು ಎಂಬ ಕಾರ್ಮಿಕರ ಮಾತಿಗೂ ಒಂದು ವಾಕ್ಯ ಸಿಕ್ಕಿತೇ? ಮುಚ್ಚುವ ಸುದ್ದಿಗೆ ಕೊಟ್ಟ ಸಮಯ ಎಷ್ಟು, ತೆರೆಯುವ ಸುದ್ದಿಗೆ ಕೊಟ್ಟದ್ದು ಎಷ್ಟು? ದಾಖಲೆ ಮಾಡುವವರು ಇದನ್ನು ಮೊದಲು ನೋಡಲಿ.

ಹೋಲಿಕೆಗೆ ಶರಾವತಿ ಪಂಪ್ಡ್ ಸ್ಟೋರೇಜ್ ಜಲವಿದ್ಯುತ್ ಯೋಜನೆಯನ್ನು ಪಕ್ಕದಲ್ಲಿಡಿ. ಅದು ಕರ್ನಾಟಕ ವಿದ್ಯುತ್ ನಿಗಮದ, ಅಂದರೆ ರಾಜ್ಯ ಸರ್ಕಾರದ ಯೋಜನೆ. ಅದರ ವಿರೋಧಕ್ಕೆ ಸಿಕ್ಕ ಜಾಗವೂ ವಿಐಎಸ್ಎಲ್ ಧರಣಿಗೆ ಸಿಕ್ಕ ಜಾಗವೂ ಸಮನಾಗಿದ್ದರೆ ತುಂಗಾತೀರ ಅವರ ವಾದ ಬಿದ್ದುಹೋಗುತ್ತದೆ. ಆಗ ಅದು ಪಕ್ಷಪಾತವಲ್ಲ, ಎಲ್ಲ ಚಳವಳಿಗಳ ಬಗ್ಗೆಯೂ ಇರುವ ಒಂದೇ ತರದ ಸಂಕೋಚ.

ಅಧ್ಯಾಪಕಿ, ಸಾಗರ

ಭದ್ರಾವತಿಯವರ ಪರೀಕ್ಷೆ ಇಷ್ಟವಾಯಿತು. ಹೊರದೇಶದ ಉದಾಹರಣೆಗಳಿಂದ ಒಂದಷ್ಟು ಸೇರಿಸುತ್ತೇನೆ, ಏಕೆಂದರೆ ‘ಸರ್ಕಾರದ ಹಣ’ ಎಂಬ ಒಂದೇ ಹಣೆಪಟ್ಟಿಯಡಿ ತೀರಾ ಭಿನ್ನವಾದ ವ್ಯವಸ್ಥೆಗಳು ಬಂದು ಕೂರುತ್ತಿವೆ. ಯೂಟ್ಯೂಬ್ 2018ರಿಂದ ಇಂಥ ವಾಹಿನಿಗಳ ವಿಡಿಯೊ ಕೆಳಗೆ ಅಂಥದೊಂದು ಹಣೆಪಟ್ಟಿ ತೋರಿಸುತ್ತಿದೆ. 2023ರ ಏಪ್ರಿಲಿನಲ್ಲಿ ಟ್ವಿಟರ್ ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್‌ಗೆ ಮೊದಲು ರಷ್ಯಾ, ಚೀನಾದ ಸರ್ಕಾರಿ ಮಾಧ್ಯಮಗಳಿಗೆ ಹಚ್ಚುತ್ತಿದ್ದ ಹಣೆಪಟ್ಟಿಯನ್ನೇ ಹಚ್ಚಿತು, ಆಮೇಲೆ ಬದಲಿಸಿತು. ಎನ್‌ಪಿಆರ್ ಆ ತಾಣವನ್ನೇ ತೊರೆಯಿತು. ಎನ್‌ಪಿಆರ್‌ಗೆ ಒಕ್ಕೂಟ ಸರ್ಕಾರದಿಂದ ನೇರವಾಗಿ ಬರುತ್ತಿದ್ದದ್ದು ಆದಾಯದ ಶೇಕಡಾ 1ರ ಆಸುಪಾಸು.

ಬ್ರಿಟನ್ನಿನಲ್ಲಿ ಮನೆಯವರು ವರ್ಷಕ್ಕೆ ಕಟ್ಟುವ ಪರವಾನಗಿ ಶುಲ್ಕ 2025ರ ಏಪ್ರಿಲಿನಲ್ಲಿ 174.50 ಪೌಂಡ್ ಆಯಿತು. ಬಿಬಿಸಿಯ ಬಹುಪಾಲು ಹಣ ಅದೇ. ಆದರೆ ಆ ಶುಲ್ಕ ಎಷ್ಟಿರಬೇಕೆಂದು ನಿರ್ಧರಿಸುವುದು ಸರ್ಕಾರವೇ, ವರ್ಲ್ಡ್ ಸರ್ವಿಸ್‌ಗೆ ವಿದೇಶಾಂಗ ಇಲಾಖೆಯ ಅನುದಾನವೂ ಸೇರುತ್ತದೆ. ಜರ್ಮನಿಯಲ್ಲಿ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ, ಎಷ್ಟು ಹಣ ಬೇಕೆಂದು ಶಿಫಾರಸು ಮಾಡಲು ಸರ್ಕಾರದಿಂದ ಬೇರೆಯಾದ ಆಯೋಗವೊಂದಿದೆ. ಅದೇ ಜರ್ಮನಿಯ ವಿದೇಶ ಪ್ರಸಾರ ಸಂಸ್ಥೆಯಾದ ಡಾಯ್ಚ ವೆಲ್ಲೆಗೆ ಹಣ ನೇರವಾಗಿ ಸರ್ಕಾರದ ತೆರಿಗೆ ಹಣದಿಂದ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂತೆಗೆದುಕೊಂಡಿತು. ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ, ಸಿಟ್ಟು ಬಂದ ದಿನ ಅದನ್ನು ನಿಲ್ಲಿಸುವ ಕೈ ಯಾರದು ಎಂದು ಕೇಳುವುದು ಹೆಚ್ಚು ಉಪಯುಕ್ತ ಎನ್ನುವುದು ಇದಕ್ಕೇ.

ಇನ್ನೊಂದು ಮಾನದಂಡವೂ ಇದೆ: ತಪ್ಪಾದಾಗ ಸಂಸ್ಥೆ ಏನು ಮಾಡುತ್ತದೆ? 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬಿಬಿಸಿ ಪ್ರಧಾನಿಯ ಭಾಷಣಕ್ಕೆ ಪ್ರತಿಪಕ್ಷದ ನಾಯಕನ ಉತ್ತರವನ್ನೂ ಪ್ರಸಾರ ಮಾಡಿತು, ಸರ್ಕಾರದ ಸಿಟ್ಟನ್ನು ಎದುರಿಸಿತು. ಇರಾಕ್ ಯುದ್ಧದ ವರದಿಯ ವಿಚಾರದಲ್ಲಿ 2004ರ ಹಟನ್ ವಿಚಾರಣೆಯ ನಂತರ ಅದರ ಅಧ್ಯಕ್ಷರೂ ಮಹಾನಿರ್ದೇಶಕರೂ ಹುದ್ದೆ ಬಿಟ್ಟರು. 2025ರ ನವೆಂಬರಿನಲ್ಲಿ, ಟ್ರಂಪ್ ಅವರ ಭಾಷಣದ ತುಣುಕುಗಳನ್ನು ಜೋಡಿಸಿದ ರೀತಿಯ ಬಗ್ಗೆ ಗದ್ದಲವಾದಾಗ, ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಇದನ್ನು ಓದಿ ಬಿಬಿಸಿ ನಂಬಲರ್ಹವಲ್ಲ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ತಪ್ಪು ಹೊರಬಿದ್ದಾಗ ಬೆಲೆ ತೆರಬೇಕಾದ ವ್ಯವಸ್ಥೆ ಅಲ್ಲಿದೆ. ನಮ್ಮ ಪ್ರಸಾರ ಸಂಸ್ಥೆಯಲ್ಲಿ ಸುದ್ದಿಯ ತಪ್ಪಿಗಾಗಿ ಮೇಲಿನವರೊಬ್ಬರು ಹುದ್ದೆ ಬಿಟ್ಟ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

ಅಂದಹಾಗೆ, ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ತೆರೆದಾಗ ಕನ್ನಡವನ್ನು ಸೇರಿಸಲಿಲ್ಲ. ತಮಿಳರಿಗೂ ತೆಲುಗರಿಗೂ ತಮ್ಮ ಭಾಷೆಯಲ್ಲೇ ಹೋಲಿಸಿ ನೋಡಲು ಹೊರಗಿನದೊಂದು ಸಾರ್ವಜನಿಕ ಪ್ರಸಾರ ಸಂಸ್ಥೆ ಇದೆ, ನಮಗೆ ಇಲ್ಲ.

ಹೊಸನಗರದವ

ಎಲ್ಲರೂ ಸರ್ಕಾರಿ ಮಾಧ್ಯಮವನ್ನೇ ಜಾಲಾಡುತ್ತಿದ್ದೀರಿ. ಖಾಸಗಿ ವಾಹಿನಿಗಳಿಗೂ ಸರ್ಕಾರದ ಜಾಹೀರಾತು ಬೇಕು, ಒಡೆತನದಲ್ಲಿ ರಾಜಕಾರಣಿಗಳೂ ಇದ್ದಾರೆ, ಕಾಸಿಗಾಗಿ ಸುದ್ದಿಯ ಬಗ್ಗೆ ಪ್ರೆಸ್ ಕೌನ್ಸಿಲ್ಲೇ 2010ರಲ್ಲಿ ವರದಿ ಮಾಡಿತ್ತು. ಆಕಾಶವಾಣಿಯ ಒಲವು ಕನಿಷ್ಠ ಮುಚ್ಚಿಟ್ಟದ್ದಲ್ಲ, ಕಾಯಿದೆಯಲ್ಲೇ ಓದಿಕೊಳ್ಳಬಹುದು. ಇನ್ನು ರೇಡಿಯೊದಲ್ಲಿ ಆಯ್ಕೆಯೇ ಇಲ್ಲ: ಖಾಸಗಿ ಎಫ್‌ಎಂಗಳು ಸ್ವಂತ ವಾರ್ತೆ ಪ್ರಸಾರ ಮಾಡುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಬದಲಾಯಿಸದೆ ಮರುಪ್ರಸಾರ ಮಾಡಬಹುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ರಾತ್ರಿ ನಮ್ಮ ಕಡೆ ಬ್ಯಾಟರಿ ರೇಡಿಯೊದಲ್ಲಿ ಸಿಗುವ ಸುದ್ದಿ ಅದೊಂದೇ.

ಸುದ್ದಿಮನೆಯಿಂದ, ಶಿವಮೊಗ್ಗ

ಹೊಸನಗರದವರ ಕೊನೆಯ ಮಾತು ನಿಜವಾಗಿ ಅವರ ವಾದಕ್ಕೆ ವಿರುದ್ಧವಾಗಿದೆ. ಪ್ರತಿಸ್ಪರ್ಧಿಯೇ ಇಲ್ಲದ ಕಡೆ ನಂಬಿಕೆಯನ್ನು ಪರೀಕ್ಷಿಸುವುದು ಹೇಗೆ? ಬೇರೆ ರೇಡಿಯೊ ಸುದ್ದಿಯೂ ಇದ್ದು, ಅದರ ನಡುವೆಯೂ ಜನ ಆಕಾಶವಾಣಿಯನ್ನೇ ಆರಿಸಿಕೊಂಡಿದ್ದರೆ ಅದನ್ನು ವಿಶ್ವಾಸಾರ್ಹತೆಯ ಗುರುತೆಂದು ಒಪ್ಪಬಹುದಿತ್ತು. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಲು ಸಾಧ್ಯವಾಗಿತ್ತು. ಇಂದು ಸಮುದಾಯ ರೇಡಿಯೊಗೂ ಸ್ವತಂತ್ರ ವಾರ್ತೆ ಓದಲು ಅವಕಾಶವಿಲ್ಲ.

ತುಂಗಾತೀರ, ಶಿವಮೊಗ್ಗ

ತೀರ್ಥಹಳ್ಳಿಯವರು ಹೇಳಿದಂತೆ ಪ್ರಶ್ನೆಯನ್ನೇ ಅಳೆಯಬೇಕೆಂಬುದನ್ನು ಒಪ್ಪುತ್ತೇನೆ. ಅದನ್ನು ಹೇಗೆ ಬಳಸಬಹುದೆಂದು 2023ರ ಬರದ ಉದಾಹರಣೆಯಿಂದ ಹೇಳುತ್ತೇನೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಸರ್ಕಾರ 18,171 ಕೋಟಿ ರೂಪಾಯಿ ಕೇಳಿತು, ಹಣ ಬರಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲಿನಲ್ಲಿ ಕೇಂದ್ರ 3,454 ಕೋಟಿ ಕೊಡಲು ಒಪ್ಪಿತು. ‘ಕರ್ನಾಟಕಕ್ಕೆ ಕೇಂದ್ರದಿಂದ 3,454 ಕೋಟಿ ರೂಪಾಯಿ ಬರ ಪರಿಹಾರ’ ಎಂಬ ವಾಕ್ಯ ಅಕ್ಷರಶಃ ಸತ್ಯ. ‘ಕೇಳಿದ್ದರಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ, ಅದೂ ಕೋರ್ಟಿನ ಮೆಟ್ಟಿಲೇರಿದ ಮೇಲೆ’ ಎಂಬುದೂ ಸತ್ಯ. ಸತ್ಯವೇ ಸುಳ್ಳೇ ಎಂದು ಮಾತ್ರ ನೋಡುವ ಸತ್ಯಶೋಧನೆ ಎರಡಕ್ಕೂ ಪೂರ್ಣ ಅಂಕ ಕೊಡುತ್ತದೆ. ಕೇಂದ್ರದ ಸಂಬಳದ ಮಾಧ್ಯಮ ಮೊದಲನೆಯದನ್ನಷ್ಟೇ ಹೇಳಿದ್ದರೆ, ರಾಜ್ಯದ ವಾರ್ತಾ ಇಲಾಖೆ ಎರಡನೆಯದನ್ನಷ್ಟೇ ಹೇಳಿದ್ದರೆ, ನಮ್ಮ ಘಟನಾವಳಿಯಲ್ಲಿ ಮೊತ್ತ ಮತ್ತು ದಿನಾಂಕಕ್ಕೆ ಇಬ್ಬರನ್ನೂ ಉಲ್ಲೇಖಿಸಬಹುದು. ‘ಪರಿಹಾರ ಸಾಕಾಯಿತೇ’ ಎಂಬುದಕ್ಕೆ ಇಬ್ಬರನ್ನೂ ಒಪ್ಪಬಾರದು.

ಸಿದ್ಧಾಂತದ ಒಲವಿನ ಬಗ್ಗೆ ಸುದ್ದಿಮನೆಯವರು ಕೊಟ್ಟ ಉದಾಹರಣೆಗಳು ಗಟ್ಟಿಯಾಗಿವೆ. ಕಚ್ಚಾ ಸುದ್ದಿಯ ಮೂಲವೇ ಬದಲಾದಾಗ ಸರ್ಕಾರ ಬದಲಾದರೂ ಒಲವು ಉಳಿಯುವ ಸಾಧ್ಯತೆ ಇದೆ. ಆದರೆ ಅವೆಲ್ಲ ದೆಹಲಿಯ ತೀರ್ಮಾನಗಳು. ಭದ್ರಾವತಿಯ ಕೃಷಿ ಕಾರ್ಯಕ್ರಮಕ್ಕೂ ಡಿಡಿ ನ್ಯೂಸ್‌ನ ರಾತ್ರಿಯ ಚರ್ಚೆಗೂ ಒಂದೇ ಷರಾ ಬರೆಯಲು ನಾನು ಈಗಲೂ ಸಿದ್ಧನಿಲ್ಲ. ಪಟ್ಟಿಯಲ್ಲಿ ಪ್ರಸಾರ ಭಾರತಿ ಎಂಬ ಒಂದೇ ನಮೂದಿನ ಬದಲು ಪ್ರದೇಶ ಸಮಾಚಾರ, ಭದ್ರಾವತಿಯ ಸ್ಥಳೀಯ ಕಾರ್ಯಕ್ರಮ, ಚಂದನದ ವಾರ್ತೆ, ಡಿಡಿ ನ್ಯೂಸ್ ಎಂದು ಬೇರೆ ಬೇರೆ ನಮೂದು ಮಾಡೋಣ. ವಿಐಎಸ್ಎಲ್ ಮತ್ತು ಶರಾವತಿಯ ಹೋಲಿಕೆಯನ್ನು ಮೊದಲ ಕೆಲಸವಾಗಿ ಹಿಡಿಯೋಣ. ತೊಡಕೆಂದರೆ ಹಳೆಯ ಬುಲೆಟಿನ್‌ಗಳ ಧ್ವನಿ ಸಾಮಾನ್ಯ ಕೇಳುಗನಿಗೆ ಸುಲಭವಾಗಿ ಸಿಗುವುದಿಲ್ಲ.

ನಿವೃತ್ತ ಕಾರ್ಮಿಕ, ಭದ್ರಾವತಿ

ಹಳೆಯದು ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು, ಪ್ರಸಾರ ಭಾರತಿ ಆ ಕಾಯಿದೆಯ ವ್ಯಾಪ್ತಿಯಲ್ಲೇ ಇದೆ. 2023ರ ಜನವರಿಯಿಂದ ಆಗಸ್ಟಿನವರೆಗಿನ ಪ್ರದೇಶ ಸಮಾಚಾರದ ಲಿಖಿತ ಪ್ರತಿಗಳನ್ನು ಕೇಳುವ ಅರ್ಜಿಯ ಕರಡನ್ನು ನಾನು ಬರೆಯುತ್ತೇನೆ. ಪಂಪ್ಡ್ ಸ್ಟೋರೇಜ್ ಕುರಿತ ತಿಂಗಳುಗಳನ್ನು ಸಾಗರದವರು ಗುರುತಿಸಿ ಕೊಡಲಿ. ಇನ್ನು ಮುಂದಿನದಕ್ಕಾಗಿ ಬೆಳಿಗ್ಗೆ 7.05ರ ವಾರ್ತೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ದಿನಾಂಕ ಹಾಕಿ ಇಡುವ ಕೆಲಸವನ್ನು ವಾರಕ್ಕೊಬ್ಬರಂತೆ ಹಂಚಿಕೊಳ್ಳೋಣ. ಮೊದಲ ವಾರ ನನ್ನದು, ಎರಡನೆಯದಕ್ಕೆ ಯಾರು?